ತುಂಗೆಯಲ್ಲಿ ಪಂಜರದ ಗೆಂಡೆ: ನನ್ನ ಅನುಭವ

ನದಿಯಲ್ಲಿ ಹಿಡಿದ ಮೀನಿನ ಯಕೃತ್ತಿನಲ್ಲಿ ಸೀಸ, ಕ್ಯಾಡ್ಮಿಯಂ ಇವೆಯೆಂದು ತೋರಿಸಿದಾಗಲೆಲ್ಲ ನನಗೆ ಎದುರಾಗುತ್ತಿದ್ದ ಪ್ರಶ್ನೆ ಒಂದೇ: ಆ ಮೀನಿಗೆ ಅದು ಸೇರಿದ್ದು ಎಲ್ಲಿ? ಪ್ರಶ್ನೆ ನ್ಯಾಯವಾದದ್ದೇ, ಏಕೆಂದರೆ ನದಿಯ ಮೇಲ್ಭಾಗದ ಮಂಡಗದ್ದೆಯ ಕಡೆ ಬೆಳೆದ ಮೀನು ನೆರೆಯ ಕಾಲದಲ್ಲಿ ಗಾಜನೂರು ಅಣೆಕಟ್ಟೆ ದಾಟಿ ಶಿವಮೊಗ್ಗದ ಕೆಳಗೆ ಬಲೆಗೆ ಬೀಳಬಹುದು. ಹಾಗಾಗಿ ಬಲೆಯ ಮೀನನ್ನು ಬಿಟ್ಟು, ಒಂದೇ ವಯಸ್ಸಿನ ಸಾಮಾನ್ಯ ಗೆಂಡೆಯ (ಕಾಮನ್ ಕಾರ್ಪ್) ಮರಿಗಳನ್ನು ಪಂಜರದಲ್ಲಿಟ್ಟು ಶಿವಮೊಗ್ಗ ಊರಿಗಿಂತ ಮೇಲೆ ಒಂದು ಕಡೆ, ಚರಂಡಿ ಸೇರಿದ ನಂತರ ಇನ್ನೊಂದು ಕಡೆ ನದಿಗಿಳಿಸಿದೆ. ಒಂದು ತಿಂಗಳಲ್ಲಿ ಅಳೆಯುವಷ್ಟು ಲೋಹ ಸೇರುವುದಿಲ್ಲ, ಮೀನು ಅದಕ್ಕೂ ಮೊದಲೇ ಸಾಯುತ್ತದೆ ಎಂದು ಹಿರಿಯ ಸಹೋದ್ಯೋಗಿಗಳು ಹೇಳಿದ್ದರು. ಐದಾರು ವಾರಗಳಲ್ಲಿ ಸೇರುತ್ತದೆ ಎಂಬುದನ್ನು ಈಗ ಎರಡು ಬೇಸಿಗೆಗಳ ಅಂಕಿಗಳೊಂದಿಗೆ ತೋರಿಸಬಲ್ಲೆ.

ಮೊದಲ ವರ್ಷ ಹಣವೆಲ್ಲ ನೀರುಪಾಲಾಯಿತು. ಪಂಜರಕ್ಕೆ ತಲಾ ಎರಡು ಸಾವಿರದಷ್ಟು ಕೊಟ್ಟು ಪೇಟೆಯಲ್ಲಿ ಸಿಗುವ ಸತುವಿನ ಲೇಪದ ತಂತಿಬಲೆಯಲ್ಲಿ ಮಾಡಿಸಿದ್ದೆವು. ಫಲಿತಾಂಶದಲ್ಲಿ ಎರಡೂ ಕಡೆ ಸತುವು ಏರಿತ್ತು. ಏರಿಸಿದ್ದು ನದಿಯಲ್ಲ, ಪಂಜರವೇ. ಗೆಂಡೆಯ ದೇಹದಲ್ಲಿ ಸತುವು ಸಹಜವಾಗಿಯೇ ಹೆಚ್ಚಿರುವುದರಿಂದ ಆ ಲೋಹಕ್ಕೆ ಅದು ಒಳ್ಳೆಯ ಸೂಚಕವೂ ಅಲ್ಲ. ನೈಲಾನ್ ಬಲೆ, ಪಿವಿಸಿ ಕೊಳವೆಗಳಿಗೆ ಬದಲಾಯಿಸಿದಾಗ ನೀರುನಾಯಿಗಳು ಒಂದೇ ರಾತ್ರಿಯಲ್ಲಿ ಬಲೆ ಹರಿದು ಮೀನನ್ನೆಲ್ಲ ಖಾಲಿ ಮಾಡಿದವು. ಈಗ ಬಲೆ ಎರಡು ಪದರದ್ದು. ಪಂಜರ ತಳಕ್ಕೆ ತಾಗಿಯೂ ಕೆಸರಿನಲ್ಲಿ ಹೂಳದಂತೆ, ದಡದಿಂದ ಯಾರ ಕಣ್ಣಿಗೂ ಬೀಳದಂತೆ ಕಟ್ಟುವ ಬಗೆಯೊಂದಿದೆ. ಅದನ್ನು ಸದ್ಯಕ್ಕೆ ನನ್ನಲ್ಲೇ ಉಳಿಸಿಕೊಳ್ಳುತ್ತೇನೆ.

ಕೊಯ್ಯುವ ಕೆಲಸದಲ್ಲಿ ಅವಸರ ಸಲ್ಲದು. ಮೀನನ್ನು ಒಂದು ದಿನ ಶುದ್ಧ ನೀರಿನಲ್ಲಿ ಉಪವಾಸವಿಟ್ಟು ಕರುಳು ಖಾಲಿಯಾದ ಮೇಲೆಯೇ ಕೊಯ್ಯಬೇಕು. ಸ್ಟೀಲ್ ಚಾಕು ಮುಟ್ಟಿಸಿದರೆ ಕ್ರೋಮಿಯಂ, ನಿಕ್ಕಲ್ ಅಂಕಿಗಳನ್ನು ನಂಬುವಂತಿಲ್ಲವಾದ್ದರಿಂದ ನಾನು ಸೆರಾಮಿಕ್ ಚಾಕು ಬಳಸುತ್ತೇನೆ. ಗೆಂಡೆಯ ಯಕೃತ್ತು ಒಂದೇ ಗಡ್ಡೆಯಾಗಿರದೆ ಕರುಳಿನ ಸುರುಳಿಗಳ ನಡುವೆ ಕಂದು ಎಳೆಗಳಾಗಿ ಹರಡಿಕೊಂಡಿರುತ್ತದೆ. ಹಸಿರು ಪಿತ್ತಕೋಶ ಒಡೆಯದಂತೆ ಅದನ್ನು ಎಳೆಎಳೆಯಾಗಿ ಬಿಡಿಸಿಕೊಳ್ಳಬೇಕು. ಒಂದು ಮೀನಿನಿಂದ ಸಿಗುವುದು ಅಲ್ಪವೇ ಆದ್ದರಿಂದ ನಾಲ್ಕೈದು ಮೀನುಗಳದ್ದನ್ನು ಒಟ್ಟುಗೂಡಿಸುತ್ತೇನೆ. ಇದರಿಂದ ಖರ್ಚೂ ಇಳಿಯಿತು. ಬೆಂಗಳೂರಿನ ಪ್ರಯೋಗಾಲಯದಲ್ಲಿ ಒಂದು ಮಾದರಿಯ ಒಂದು ಲೋಹಕ್ಕೆ ನಾನೂರರ ಆಸುಪಾಸು ತೆಗೆದುಕೊಳ್ಳುತ್ತಿದ್ದರು. ತಾಮ್ರಕ್ಕೆ ಜ್ವಾಲೆಯ ಎಎಎಸ್ (ಲೋಹದ ಆವಿ ಹೀರುವ ಬೆಳಕಿನಿಂದ ಅದರ ಪ್ರಮಾಣ ಅಳೆಯುವ ಯಂತ್ರ) ಸಾಕು. ಕ್ಯಾಡ್ಮಿಯಂಗೆ ತೀರ ಅಲ್ಪ ಪ್ರಮಾಣವನ್ನೂ ಅಳೆಯುವ ಗ್ರಾಫೈಟ್ ಕುಲುಮೆಯ ಎಎಎಸ್ಸೇ ಬೇಕು, ಅಲ್ಲಿ ಹಣ ಉಳಿಸಲು ಹೋಗಬೇಡಿ.

ಸ್ನಾಯುವಿನಲ್ಲಿ ಎರಡು ಪಂಜರಗಳ ನಡುವೆ ವ್ಯತ್ಯಾಸವೇ ಕಾಣಲಿಲ್ಲ, ಸೀಸವೂ ತಿನ್ನುವ ಮೀನಿಗಿರುವ ಕಿಲೋಗೆ 0.3 ಮಿಲಿಗ್ರಾಂ ಮಿತಿಯೊಳಗೇ ಇತ್ತು. ಯಕೃತ್ತಿನ ಕ್ಯಾಡ್ಮಿಯಂ ಮಾತ್ರ ಕೆಳಗಿನ ಪಂಜರದಲ್ಲಿ ಸುಮಾರು ಮೂರು ಪಟ್ಟು, ಕಿವಿರಿನ ಸೀಸ ಎರಡು ಪಟ್ಟಿಗೂ ತುಸು ಹೆಚ್ಚು. ಅದೇ ವಾರಗಳಲ್ಲಿ ಹಗಲು ಹೊತ್ತು ತೆಗೆದ ನೀರಿನ ಮಾದರಿಗಳಲ್ಲಿ ಕ್ಯಾಡ್ಮಿಯಂ ಕುಡಿಯುವ ನೀರಿನ ಮಿತಿಯಾದ ಲೀಟರಿಗೆ 0.003 ಮಿಲಿಗ್ರಾಂ ದಾಟಿರಲಿಲ್ಲ. ಬಾಟಲಿಗೆ ಆ ಕ್ಷಣದ ನೀರಷ್ಟೇ ಸಿಗುತ್ತದೆ. ರಾತ್ರಿ ನದಿಗೆ ಬಿಟ್ಟ ಕೊಳಚೆ ಬೆಳಗಾಗುವಷ್ಟರಲ್ಲಿ ಹರಿದು ಹೋಗಿರುತ್ತದೆ. ಕ್ಯಾಡ್ಮಿಯಮ್ಮನ್ನು ಮೆಟಲೋಥಯೋನಿನ್ ಎಂಬ ಪ್ರೋಟೀನು ಯಕೃತ್ತಿನಲ್ಲಿ ಹಿಡಿದಿಟ್ಟುಕೊಳ್ಳುವುದರಿಂದ ಮೀನಿನಲ್ಲಿ ಅದರ ಲೆಕ್ಕ ಉಳಿಯುತ್ತದೆ. ಈ ವಿಧಾನವನ್ನು ನಾನು ಇಷ್ಟು ಗಟ್ಟಿಯಾಗಿ ಹಿಡಿದಿರುವುದು ಅದಕ್ಕಾಗಿಯೇ.

ಮೀನಿನ ಕೆಂಪು ರಕ್ತಕಣಗಳಲ್ಲಿ ಕೋಶಕೇಂದ್ರ ಇರುವುದರಿಂದ ಗೀಮ್ಸಾ ಬಣ್ಣ ಹಾಕಿ ಕಿರುಕೇಂದ್ರಗಳನ್ನೂ (ವರ್ಣತಂತುಗಳಿಗೆ ಹಾನಿಯಾದಾಗ ಕೋಶಕೇಂದ್ರದ ಹೊರಗೆ ಉಳಿಯುವ ಚಿಕ್ಕ ಚೂರುಗಳನ್ನು) ಎಣಿಸಿ ನೋಡಿದೆ. ಅಗ್ಗದ ಕೆಲಸ, ಆದರೆ ಹಾನಿಯಾಗಿದೆಯೆಂದು ಹೇಳುತ್ತದೆಯೇ ಹೊರತು ಯಾವ ಲೋಹದಿಂದ ಎಂದು ಹೇಳುವುದಿಲ್ಲ.

ಇನ್ನೊಂದು ಪ್ರಯೋಗ ನನ್ನನ್ನು ಹೆಚ್ಚು ಕಾಡಿದೆ. ತೀರ್ಥಹಳ್ಳಿ ಕಡೆಯ ಅಡಿಕೆ ತೋಟಗಳ ಕೆಳಗಿನ ಒಂದು ಹಳ್ಳದಲ್ಲಿ, ಮಳೆ ಬಿಡುವು ಕೊಟ್ಟಾಗ ಚಿಕ್ಕ ಪಂಜರ ಇಟ್ಟೆ. ಕಾರ್ಖಾನೆಯ ಸುಳಿವೂ ಇಲ್ಲದ ಆ ನೀರಿನಲ್ಲಿ ಯಕೃತ್ತಿನ ತಾಮ್ರ ಊರಿನ ಕೆಳಗಿನ ಪಂಜರವನ್ನೂ ಮೀರಿಸಿತು. ಅಡಿಕೆಯ ಕೊಳೆರೋಗಕ್ಕೆ ಹೊಡೆಯುವ ಒಂದು ಪರ್ಸೆಂಟ್ ಬೋರ್ಡೋ ದ್ರಾವಣದಲ್ಲಿ ನೂರು ಲೀಟರಿಗೆ ಒಂದು ಕಿಲೋ ಮೈಲುತುತ್ತ (ತಾಮ್ರದ ಸಲ್ಫೇಟ್) ಇರುತ್ತದೆ, ಅದರ ಕಾಲು ಭಾಗ ತಾಮ್ರವೇ. ಮಲೆನಾಡಿನ ನೀರು ಮೆದು. ತಾಮ್ರದಿಂದ ಕಿವಿರನ್ನು ಕಾಯುವ ಕ್ಯಾಲ್ಸಿಯಂ ಅದರಲ್ಲಿ ಕಡಿಮೆ. ಬೋರ್ಡೋ ಬಿಟ್ಟರೆ ತೋಟ ಉಳಿಯುವುದಿಲ್ಲ ಎಂಬುದೂ ನಿಜ, ಆದ್ದರಿಂದ ಬೆಳೆಗಾರರನ್ನು ದೂರಲು ನಾನು ಸಿದ್ಧನಿಲ್ಲ. ಆದರೆ ಮೇಲಿನ ಹಳ್ಳವನ್ನು ಶುದ್ಧವೆಂದು ಭಾವಿಸಿ ಹೋಲಿಕೆಗೆ ಬಳಸುವವರು ತಾಮ್ರದ ಮಟ್ಟಿಗೆ ಎಚ್ಚರವಾಗಿರಬೇಕು.

ದೀಪಾವಳಿ ಕಳೆದ ಮೇಲೆ ಕೂಡ್ಲಿಯಲ್ಲಿ, ಸಂಗಮಕ್ಕೆ ತುಸು ಮೊದಲು, ತುಂಗೆಗೊಂದು ಭದ್ರೆಗೊಂದು ಪಂಜರ ಇಳಿಸಲಿದ್ದೇನೆ. ಭದ್ರಾ ಅಣೆಕಟ್ಟೆಯ ಬಳಿಯ ಬಿ.ಆರ್. ಪ್ರಾಜೆಕ್ಟ್‌ನಿಂದ ಒಂದೇ ತಂಡದ ಮರಿಗಳನ್ನು ತರುವ ಏರ್ಪಾಡು ಆಗಿದೆ. ಗ್ರಾಫೈಟ್ ಕುಲುಮೆಯ ಖರ್ಚಿನಲ್ಲಿ ಅರ್ಧದಷ್ಟು ಕೈಯಲ್ಲಿದೆ.