ಶೈತ್ಯಾಗಾರದಲ್ಲೂ ಆಮೇಲೂ ಪರ್ಸಿಮನ್ ಗಟ್ಟಿಯಾಗಿ ಉಳಿಯಬೇಕಾದರೆ

ಒಗರಿಲ್ಲದ ಫುಯು ತಳಿಯ ಪರ್ಸಿಮನ್ ಹಣ್ಣನ್ನು ಗಟ್ಟಿಯಿರುವಾಗಲೇ ಹೆಚ್ಚಿ ತಿನ್ನುವುದರಿಂದ, ಮೆತ್ತಗಾದ ಹಣ್ಣಿಗೆ ಪೇಟೆಯಲ್ಲಿ ಬೆಲೆಯಿಲ್ಲ. ಹಿಮಾಚಲದ ಕುಲ್ಲು ಕಣಿವೆಯಲ್ಲಿ ಜಪಾನಿ ಫಲವೆಂದು ಕರೆಯುವ ಈ ಹಣ್ಣು ದೂರದ ಊರುಗಳಿಗೆ ಕೆಡದೆ ತಲುಪಬೇಕಾದರೆ ಕೊಯ್ಲಿನ ದಿನದಿಂದಲೇ ಎಚ್ಚರ ವಹಿಸಬೇಕು.

ಸಿಪ್ಪೆಯ ಹಸಿರು ಪೂರ್ತಿ ಹೋದ ಮೇಲೆ, ಹಣ್ಣನ್ನು ಎಳೆದು ಕೀಳದೆ, ಅದರ ತಲೆಯ ಮೇಲಿನ ನಾಲ್ಕು ಎಸಳಿನ ತೊಟ್ಟಿಗೆ ಪೆಟ್ಟಾಗದಂತೆ ಕತ್ತರಿಯಿಂದ ಕೊಯ್ಯಿರಿ. ಹಣ್ಣಿನ ನೀರು ಹೆಚ್ಚಾಗಿ ಆವಿಯಾಗುವುದು ಈ ತೊಟ್ಟಿನ ಮೂಲಕವೇ. ತೊಟ್ಟು ಒಣಗತೊಡಗಿದಾಗ ಅದರಲ್ಲಿ ಎಥಿಲೀನ್ ಅನಿಲ ಹುಟ್ಟಿ, ಒಳಗಿನ ತಿರುಳಿಗೂ ಹರಡಿ, ಅಲ್ಲಿ ಇನ್ನಷ್ಟು ಎಥಿಲೀನ್ ಹುಟ್ಟಲು ಕಾರಣವಾಗಿ ಹಣ್ಣನ್ನು ಮೆತ್ತಗೆ ಮಾಡುತ್ತದೆ. ಆದ್ದರಿಂದ ತೊಟ್ಟಿನ ತೇವವನ್ನು ಕಾಯುವುದೇ ಎಲ್ಲಕ್ಕಿಂತ ಮುಖ್ಯವಾದ ಕೆಲಸವೆಂದು ನಾನು ಭಾವಿಸುತ್ತೇನೆ. ಜಪಾನ್ ಮತ್ತು ಕೊರಿಯಾಗಳಲ್ಲಿ ಫುಯು ಹಣ್ಣನ್ನು ಸುಮಾರು 0.06 ಮಿಲಿಮೀಟರ್ ದಪ್ಪದ ಪಾಲಿಥೀನ್ ಚೀಲದಲ್ಲಿ ಒಂದೊಂದಾಗಿ ಇಲ್ಲವೇ ಐದೈದಾಗಿ ಮುಚ್ಚಿಡುವ ರೂಢಿಯಿದೆ. ಇದರಿಂದ ನೀರು ಉಳಿಯುವುದಲ್ಲದೆ, ಚೀಲದೊಳಗೆ ಆಮ್ಲಜನಕ ತಗ್ಗಿ ಇಂಗಾಲದ ಡೈಆಕ್ಸೈಡ್ ಏರಿ ಮಾಗುವಿಕೆಯೂ ನಿಧಾನವಾಗುತ್ತದೆ.

ಶೈತ್ಯಾಗಾರದ ಉಷ್ಣತೆ 0 ಡಿಗ್ರಿ ಸೆಲ್ಸಿಯಸ್‌ನ ಆಸುಪಾಸಿನಲ್ಲಿ, ತೇವಾಂಶ ಶೇಕಡ 90ರಿಂದ 95ರಷ್ಟು ಇರಲಿ. ಹಣ್ಣು ಸುಮಾರು ಮೈನಸ್ 2 ಡಿಗ್ರಿಯಲ್ಲಿ ಹೆಪ್ಪುಗಟ್ಟುವುದರಿಂದ ಅದಕ್ಕಿಂತ ಕೆಳಗೆ ಇಳಿಸಬಾರದು. ಹಾಗೆಂದು ಉಷ್ಣತೆಯನ್ನು ಸ್ವಲ್ಪ ಏರಿಸಿಡುವುದು ಕ್ಷೇಮವೆಂದು ತಿಳಿಯಬೇಡಿ. ಫುಯುಗೆ 5ರಿಂದ 15 ಡಿಗ್ರಿಯೇ ಹೆಚ್ಚು ಅಪಾಯಕಾರಿ. ಆ ಚಳಿಗೆ ನೊಂದ ಹಣ್ಣಿನ ತಿರುಳು ಲೋಳೆಯಂತಾಗಿ ಕಂದುತ್ತದೆ. ಮನೆಯ ಫ್ರಿಜ್ಜಿನ ಉಷ್ಣತೆಯೂ ಸಾಮಾನ್ಯವಾಗಿ ಈ ಮಟ್ಟಕ್ಕೆ ಹತ್ತಿರವೇ ಇರುವುದರಿಂದ ಅಲ್ಲಿ ಕೆಲವೇ ದಿನ ಇಟ್ಟು ತಿಂದು ಮುಗಿಸುವುದು ಒಳ್ಳೆಯದು.

ಸೇಬು ತುಂಬಿದ ಕೋಣೆಯಲ್ಲಿ ಪರ್ಸಿಮನ್ ಇಡಲೇಬಾರದು. ಸೇಬು ಬೆಳೆಯುವ ಕಣಿವೆಗಳಲ್ಲಿ ಒಂದೇ ಕೋಣೆಯಲ್ಲಿ ಎರಡನ್ನೂ ಇಡುವ ಆಸೆ ಸಹಜವಾದರೂ, ಸೇಬು ಹೊರಬಿಡುವ ಎಥಿಲೀನ್ ಪರ್ಸಿಮನ್ನನ್ನು ಬೇಗ ಮೆತ್ತಗೆ ಮಾಡುತ್ತದೆ. 20 ಡಿಗ್ರಿಯಲ್ಲಿ ಗಾಳಿಯ ಹತ್ತು ಲಕ್ಷ ಭಾಗಕ್ಕೆ 1 ಭಾಗದಷ್ಟು ಎಥಿಲೀನ್ ಇದ್ದರೂ ಕೆಲವೇ ದಿನಗಳಲ್ಲಿ ಹಣ್ಣಿನ ಬಿಗಿ ಹೋಗುತ್ತದೆ. ದೊಡ್ಡ ಪ್ರಮಾಣದಲ್ಲಿ ಸಂಗ್ರಹಿಸುವವರು ಎಥಿಲೀನಿನ ಪ್ರಭಾವವನ್ನು ತಡೆಯುವ 1-ಎಂಸಿಪಿ ಅನಿಲದ ಉಪಚಾರವನ್ನು ಶೈತ್ಯಾಗಾರಕ್ಕೆ ಸೇರಿಸುವ ಮೊದಲೇ, ತಿಳಿದವರಿಂದ ಮಾಡಿಸಬಹುದು.

ಚಳಿಯ ಹಾನಿ ಎದ್ದು ಕಾಣುವುದು ಹಣ್ಣು ಬೆಚ್ಚಗಾದ ಮೇಲೆ. ಕೋಣೆಯೊಳಗೆ ಕಲ್ಲಿನಂತಿದ್ದ ಹಣ್ಣು ಹೊರಗೆ ಬಂದ ಎರಡು ಮೂರು ದಿನಗಳಲ್ಲಿ ಬೆರಳೊತ್ತಿದರೆ ತಗ್ಗಬಹುದು. ಆದ್ದರಿಂದ ವಾರಕ್ಕೊಮ್ಮೆ ನಾಲ್ಕೈದು ಹಣ್ಣುಗಳನ್ನು ಹೊರಗಿಟ್ಟು, ಮೂರನೆಯ ದಿನ ಅಡ್ಡಕ್ಕೆ ಕತ್ತರಿಸಿ, ತಿರುಳು ಅರೆಪಾರದರ್ಶಕವಾಗಿ ಲೋಳೆಗಟ್ಟಿದೆಯೇ ಎಂದು ನೋಡಿ. ಅದರ ಮೊದಲ ಗುರುತು ಕಂಡ ಕೂಡಲೇ ಉಳಿದದ್ದನ್ನು ಮಾರಾಟಕ್ಕೆ ಕಳುಹಿಸಿ. ಹೊರತೆಗೆದಾಗ ಸಿಪ್ಪೆಯ ಮೇಲೆ ನೀರು ಕೂರದಂತೆ, ಹಣ್ಣು ಸುತ್ತಲಿನ ಉಷ್ಣತೆಗೆ ಬರುವವರೆಗೆ ಚೀಲವನ್ನು ಬಿಚ್ಚಬೇಡಿ.