ಪಾಠ ಹೇಳುವವನ ಗಂಟಲು, ಕಲಿಯುವವನ ಗಂಟಲು

ಕಾಸರಗೋಡು ಜಿಲ್ಲೆಯ ಬದಿಯಡ್ಕದ ಸಮೀಪ ನನ್ನ ಮನೆಯ ಚಾವಡಿಯಲ್ಲಿ ನಾನು ಕರ್ನಾಟಕ ಸಂಗೀತದ ಹಾಡುಗಾರಿಕೆಯನ್ನು ಕಲಿಸುತ್ತೇನೆ. ಕಛೇರಿ ಎರಡು ಮೂರು ಗಂಟೆಗಳಲ್ಲಿ ಮುಗಿಯುತ್ತದೆ, ಅದೂ ಹಾಡುವವನ ಸ್ವಂತ ಶ್ರುತಿಯಲ್ಲಿ, ಅಂದರೆ ಅವನ ಸ್ವರಕ್ಕೆ ಹೊಂದುವ ಆಧಾರ ಷಡ್ಜದಲ್ಲಿ; ಪಾಠವಾದರೋ ಶಾಲೆ ಬಿಟ್ಟ ಹೊತ್ತಿನಿಂದ ರಾತ್ರಿಯವರೆಗೆ ಮಕ್ಕಳ ಶ್ರುತಿಯಲ್ಲಿ ನಡೆಯುತ್ತದೆ. ಶ್ರುತಿಯ ಎತ್ತರವನ್ನು ಕಟ್ಟೆಯ ಲೆಕ್ಕದಲ್ಲಿ ಹೇಳುತ್ತೇವೆ; ಸಂಖ್ಯೆ ಹೆಚ್ಚಿದಷ್ಟೂ ಶ್ರುತಿ ಎತ್ತರ. ನನ್ನ ಶ್ರುತಿ ಒಂದೂವರೆ ಕಟ್ಟೆ. ಕಲಿಯಲು ಬರುವವರಲ್ಲಿ ಹೆಚ್ಚಿನವರು ಹೆಣ್ಣುಮಕ್ಕಳಾದ್ದರಿಂದ ಅವರದು ಐದು ಅಥವಾ ಐದೂವರೆ. ಅದೇ ಎತ್ತರದಲ್ಲಿ ಹಾಡಿ ತೋರಿಸುತ್ತಿದ್ದ ವರ್ಷಗಳಲ್ಲಿ ರಾತ್ರಿಯಾಗುವಷ್ಟರಲ್ಲಿ ನನ್ನ ಸ್ವರ ಕೂತುಬಿಡುತ್ತಿತ್ತು, ಮರುದಿನ ಬೆಳಗ್ಗಿನ ಸಾಧನೆ ನಿಲ್ಲುತ್ತಿತ್ತು, ಸಾಧನೆ ನಿಂತ ದಿನ ಪಾಠದಲ್ಲಿಯೂ ಮನಸ್ಸು ನಿಲ್ಲುತ್ತಿರಲಿಲ್ಲ.

ಮಂಗಳೂರಿನ ಗಂಟಲು ತಜ್ಞರೊಬ್ಬರು ಪರೀಕ್ಷಿಸಿ, ಧ್ವನಿತಂತುಗಳು ಊದಿಕೊಂಡಿವೆ ಎಂದರು. ಪಿಸುಮಾತು ಗಂಟಲಿಗೆ ವಿಶ್ರಾಂತಿಯಲ್ಲ, ಮತ್ತೆ ಮತ್ತೆ ಕ್ಯಾಕರಿಸಿದರೆ ತಂತುಗಳು ಇನ್ನಷ್ಟು ಉಜ್ಜಿಹೋಗುತ್ತವೆ, ಬಿದ್ದ ಸ್ವರ ಮೂರು ವಾರಗಳಾದರೂ ಏಳದಿದ್ದರೆ ಕಷಾಯವನ್ನು ನಂಬಿ ಕೂರದೆ ತೋರಿಸಲೇಬೇಕು ಎಂಬ ಅವರ ಮಾತುಗಳನ್ನು ಈಗ ನನ್ನ ಶಿಷ್ಯರಿಗೂ ಮೊದಲ ಪಾಠಗಳ ಜೊತೆಗೇ ಹೇಳುತ್ತೇನೆ.

ಉಳಿದ ದಾರಿ ನಮ್ಮ ಶಾಸ್ತ್ರದೊಳಗೇ ಇತ್ತು. ಒಂದೂವರೆ ಕಟ್ಟೆಯ ಪಂಚಮವೇ (ಪ) ಐದೂವರೆ ಕಟ್ಟೆಯ ಷಡ್ಜ (ಸ). ಆದ್ದರಿಂದ ಐದೂವರೆ ಕಟ್ಟೆಯ ಮಕ್ಕಳಿಗೆ ಸ್ವರಗಳ ಮೊದಲ ಅಭ್ಯಾಸವಾದ ಸರಳೆ ವರಿಸೆಯನ್ನು ಹೇಳಿಕೊಡುವಾಗ ನಾನು ನನ್ನ ಮಂದ್ರ (ಕೆಳಗಿನ ಸ್ಥಾಯಿಯ) ಪಂಚಮದಲ್ಲಿ ಷಡ್ಜವನ್ನು ಹಿಡಿದು, ಅವರಿಗಿಂತ ಒಂದು ಸ್ಥಾಯಿ (ಒಂದು ಷಡ್ಜದಿಂದ ಮುಂದಿನ ಷಡ್ಜದವರೆಗಿನ ಅಂತರ) ಕೆಳಗೆ, ಮೆಲ್ಲನೆ ಹಾಡುತ್ತೇನೆ. ಎತ್ತರದ ಸಂಚಾರಗಳನ್ನು ಹಿರಿಯ ಶಿಷ್ಯೆಯೊಬ್ಬಳು ಹಾಡಿ ತೋರಿಸುತ್ತಾಳೆ. ಹೇಳಿಕೊಡುವ ಹೊಣೆ ಸಿಕ್ಕಿದ ಮೇಲೆ ಅವಳ ಶ್ರುತಿಶುದ್ಧತೆಯೂ ಹೆಚ್ಚಿರುವುದನ್ನು ನಾನು ಸ್ಪಷ್ಟವಾಗಿ ಕಂಡಿದ್ದೇನೆ. ಒಂದೇ ಶ್ರುತಿಯ ಮಕ್ಕಳು ಒಂದೇ ಹೊತ್ತಿಗೆ ಬರುವಂತೆ ಸಮಯವನ್ನೂ ಬದಲಾಯಿಸಿದೆ. ಮಳೆಗಾಲದ ಆಟಿ ತಿಂಗಳಲ್ಲಿ ಶೀಟಿನ ಮಾಡಿನ ಮೇಲೆ ಮಳೆ ಹೊಡೆಯುವಾಗ ಅದರೊಡನೆ ಸ್ಪರ್ಧಿಸಿ ಹಾಡುವುದನ್ನು ಬಿಟ್ಟು, ಸಾಹಿತ್ಯ ಬರೆಸುವುದು, ತಾಳಗಳಿಗೆ ಹೊಂದಿಸಿದ ಸ್ವರಾಭ್ಯಾಸಗಳಾದ ಅಲಂಕಾರಗಳಿಗೆ ಮೂರು ಕಾಲಗಳಲ್ಲಿ (ವೇಗಗಳಲ್ಲಿ) ಕೈತಾಳ ಹಾಕಿಸುವುದು, ಇವನ್ನೇ ಪಾಠವಾಗಿಸುತ್ತೇನೆ.

ನನಗೆ ಹೆಚ್ಚಿನ ಕಾಳಜಿ ಇರುವುದು ಗಂಡುಮಕ್ಕಳ ವಿಷಯದಲ್ಲಿ. ಹನ್ನೆರಡರಿಂದ ಹದಿನೈದರ ನಡುವೆ ಧ್ವನಿಪೆಟ್ಟಿಗೆ ಬೆಳೆದು, ತಂತುಗಳು ಉದ್ದವಾಗಿ ದಪ್ಪವಾಗಿ, ಸ್ವರ ಸುಮಾರು ಒಂದು ಸ್ಥಾಯಿಯಷ್ಟು ಕೆಳಗಿಳಿಯುತ್ತದೆ. ಅದುವರೆಗೆ ಚೆನ್ನಾಗಿ ಹಾಡುತ್ತಿದ್ದ ಹುಡುಗ ಒಡೆದ ಸ್ವರಕ್ಕೆ ನಾಚಿ ಪಾಠ ಬಿಡುವುದು ಹೆಚ್ಚಾಗಿ ಆಗಲೇ. ಕೇರಳದ ಶಾಲಾ ಮಕ್ಕಳ ಕಲಾಸ್ಪರ್ಧೆಯಾದ ಕಲೋತ್ಸವದ ಹೈಸ್ಕೂಲು ವಿಭಾಗದಲ್ಲಿ ಹಾಡಬೇಕೆಂಬ ಒತ್ತಡ ಬರುವುದೂ ಅದೇ ಪ್ರಾಯದಲ್ಲಿ. 2019ರಲ್ಲಿ ರಾಜ್ಯ ಶಾಲಾ ಕಲೋತ್ಸವ ನಮ್ಮ ಜಿಲ್ಲೆಯ ಕಾಞಂಗಾಡಿನಲ್ಲಿಯೇ ನಡೆಯಿತು. ಅಷ್ಟು ದೊಡ್ಡ ವೇದಿಕೆಯನ್ನು ಹತ್ತಿರದಿಂದ ಕಂಡ ಹೆತ್ತವರ ಆಸೆ ನನಗೆ ಅರ್ಥವಾಗುತ್ತದೆ. ಗ್ರೇಡ್ ಸಿಕ್ಕಿದರೆ ಪರೀಕ್ಷೆಯಲ್ಲಿ ಕೃಪಾಂಕದ (ಹೆಚ್ಚುವರಿ ಅಂಕದ) ನಿರೀಕ್ಷೆಯೂ ಇರುತ್ತದೆ. “ಮಾಷ್ಟ್ರೇ, ಉಪಜಿಲ್ಲೆಯವರೆಗಾದರೂ ಹಾಡಲಿ” ಎಂದು ಅವರು ಕೇಳಿದಾಗ, ಹುಡುಗನನ್ನು ಜೊತೆಯಲ್ಲಿ ಕೂರಿಸಿಕೊಂಡು, ಅವನ ಸ್ವರ ಈಗ ಎಲ್ಲಿಂದ ಎಲ್ಲಿಯವರೆಗೆ ನೋವಿಲ್ಲದೆ ಹೋಗುತ್ತದೆ ಎಂಬುದನ್ನು ಅವರ ಎದುರಿನಲ್ಲಿಯೇ ಹಾಡಿಸಿ ತೋರಿಸುತ್ತೇನೆ. ಮಾತಿನಲ್ಲಿ ವಿವರಿಸುವುದಕ್ಕಿಂತ ಇದು ಬೇಗ ಮನದಟ್ಟಾಗುತ್ತದೆ.

ಅಂಥ ಹುಡುಗನ ಪಾಠವನ್ನು ನಾನು ನಿಲ್ಲಿಸುವುದಿಲ್ಲ. ತಿಂಗಳಿಗೊಮ್ಮೆ ಶ್ರುತಿಪೆಟ್ಟಿಗೆಯನ್ನು ಹೊಸದಾಗಿ ಹೊಂದಿಸಿ, ಐದರಿಂದ ಮೂರಕ್ಕೆ, ಮೂರರಿಂದ ಎರಡಕ್ಕೆ ಅವನು ಇಳಿಯುತ್ತಿರುವುದನ್ನು ಅವನ ಪುಸ್ತಕದಲ್ಲಿಯೇ ಪೆನ್ಸಿಲಿನಿಂದ ಗುರುತಿಸುತ್ತೇನೆ. ತಾರಸ್ಥಾಯಿಯನ್ನು (ಮೇಲಿನ ಸ್ಥಾಯಿಯನ್ನು) ಪೂರ್ತಿ ಬಿಟ್ಟು, ಗೀತೆಗಳಿಗಿಂತ ಕಷ್ಟದ ರಚನೆಯಾದ ವರ್ಣವನ್ನು ಬದಿಗಿರಿಸಿ, ಐದಾರು ಸ್ವರಗಳೊಳಗೆ ಸುತ್ತುವ ಗೀತೆಗಳನ್ನೂ, ಸ್ವರಗಳನ್ನು ‘ಆ’ ಎಂದು ಹಾಡುವ ಅಕಾರವನ್ನೂ ಸಣ್ಣ ಸಣ್ಣ ಅವಧಿಗಳಲ್ಲಿ ಹಾಡಿಸುತ್ತೇನೆ. ಸ್ವರ ಒಡೆದಾಗ ಅಲ್ಲಿಯೇ ನಿಲ್ಲಿಸಿ, ಮುಂದಿನ ಸಾಲನ್ನು ತಾಳ ಹಾಕುತ್ತಾ ಮನಸ್ಸಿನಲ್ಲಿಯೇ ಹಾಡಲು ಹೇಳುತ್ತೇನೆ. ಅವನ ಜೊತೆಯಲ್ಲಿ ಕಲಿಯುವ ಮಕ್ಕಳಿಗೆ ಈ ಬದಲಾವಣೆಯ ಕಾರಣವನ್ನು ಮೊದಲೇ ತಿಳಿಸಿರುವುದರಿಂದ ಯಾರೂ ನಗುವುದಿಲ್ಲ. ಸ್ವರ ಒಂದು ಕಡೆ ನೆಲೆಗೊಂಡ ಮೇಲೆ ಬಿಟ್ಟಿದ್ದ ವರ್ಣವನ್ನು ಹೊಸ ಶ್ರುತಿಯಲ್ಲಿ ಮೊದಲನೆಯ ಕಾಲದಿಂದಲೇ ಎತ್ತಿಕೊಳ್ಳುತ್ತೇವೆ. ಹಾಗೆ ಒಂದೂವರೆಗೆ ಬಂದು ನಿಂತ ಹುಡುಗರ ಪಾಠವನ್ನು ಸಂಜೆಯ ಕೊನೆಗೆ ಇಟ್ಟುಕೊಂಡಿದ್ದೇನೆ. ಅವರೊಂದಿಗೆ ನನ್ನದೇ ಶ್ರುತಿಯಲ್ಲಿ, ಗಂಟಲಿಗೆ ಆಯಾಸವಿಲ್ಲದೆ ಹಾಡಬಹುದು.