ದರದ ಜಗಳ ಮುಗಿದದ್ದು ತಕ್ಕಡಿಯ ಮುಂದೆ: ಒಬ್ಬ ರೈಟರ್‌ನ ಅನುಭವ

ಹೋದ ಮೂರು ಕೊಯ್ಲಿನಲ್ಲಿ ನಮ್ಮ ಕಾಫಿ ತೋಟದಲ್ಲಿ ದರದ ಜಗಳಕ್ಕೆ, ಅಂದರೆ ಒಂದು ಕೆಜಿ ಹಣ್ಣು ಕೊಯ್ಯಲು ಎಷ್ಟು ಕೂಲಿ ಅನ್ನುವ ಜಗಳಕ್ಕೆ, ಒಂದು ದಿನವೂ ಕೆಲಸ ನಿಂತಿಲ್ಲ. ಚಿಕ್ಕಮಗಳೂರು ಜಿಲ್ಲೆಯ ಆಲ್ದೂರು, ಬಾಳೆಹೊನ್ನೂರು ಕಡೆಯ ರೈಟರುಗಳಿಗೆ, ಅಂದರೆ ತೋಟದ ಲೆಕ್ಕ, ಕೆಲಸ ನೋಡಿಕೊಳ್ಳುವವರಿಗೆ, ಈ ಮಾತಿನ ತೂಕ ಗೊತ್ತು. "ನಿಮ್ಮ ಸಾಹುಕಾರ್ರು ದುಡ್ಡು ಬಿಚ್ಚಿರಬೇಕು ಬಿಡಿ" ಅಂತ ಪಕ್ಕದ ತೋಟದವರು ಹೇಳುತ್ತಾರೆ. ಬಿಚ್ಚಿಲ್ಲ. ಅಕ್ಕಪಕ್ಕದವರಿಗಿಂತ ಕೆಜಿಗೆ 25 ಪೈಸೆ ಕಡಿಮೆ ಕೊಟ್ಟು ಕೊಯ್ಲು ಮುಗಿಸಿದ ವರ್ಷವೂ ಇದೆ. ಜನ ಮಾತ್ರ ಬಿಟ್ಟು ಹೋಗಲಿಲ್ಲ.

ನಾನು ರೈಟರ್ ಆಗಿ 19 ವರ್ಷ. ಈ ತೋಟಕ್ಕೆ ಬಂದು 11. ಸುಮಾರು 90 ಎಕರೆ ಅರೇಬಿಕಾ, ಕೆಳಗೆ ಹಳ್ಳದ ಬದಿಗೆ ಸ್ವಲ್ಪ ರೋಬಸ್ಟಾ. ಒಳ್ಳೆಯ ವರ್ಷ 50 ಕೆಜಿಯ 540 ಮೂಟೆ ಪಾರ್ಚ್‌ಮೆಂಟ್ (ಹಣ್ಣಿನ ಸಿಪ್ಪೆ ತೆಗೆದು, ತೊಳೆದು ಒಣಗಿಸಿದ ಕಾಫಿ) ಬರುತ್ತದೆ. ಸ್ಥಳೀಯರು 20 ಜನ, ಕೊಯ್ಲಿಗೆ ಅಸ್ಸಾಂನಿಂದ ಒಂದು ತಂಡ. ಮೇಲೆ ಸಾಹುಕಾರ್ರು, ಕೆಳಗೆ ಕೂಲಿಯವರು, ನಡುವೆ ನಾನು. ಇಬ್ಬರ ಮಾತೂ ನನ್ನ ಬಾಯಲ್ಲೇ ಹೋಗಬೇಕು. ರೈಟರ್ ಕೆಲಸ ಅಂದರೆ ಹಾಜರಿ ಪುಸ್ತಕ ಬರೆಯುವುದು ಅಂತ ಹೊರಗಿನವರು ಅಂದುಕೊಂಡಿರುತ್ತಾರೆ. ಮುಕ್ಕಾಲು ಪಾಲು ಮಾತಿನ ಕೆಲಸ ಅನ್ನುವುದು ನಮಗೆ ಗೊತ್ತು, ಅಲ್ವಾ.

ಮೊದಲು ನಾನು ಕೆಡಿಸಿದ್ದನ್ನು ಹೇಳುತ್ತೇನೆ.

2021ರ ನವೆಂಬರ್ ಮಳೆ ಯಾರಿಗೂ ಮರೆತಿರುವುದಿಲ್ಲ. ಹಣ್ಣು ಕೆಂಪಾಗುವ ಹೊತ್ತಿಗೆ ಸರಿಯಾಗಿ ಹಿಡಿದ ಮಳೆ ಬಿಡಲೇ ಇಲ್ಲ. ಗಿಡದಲ್ಲೇ ಹಣ್ಣು ಒಡೆದು ಉದುರಿತು. ಕಣದಲ್ಲಿ ಹಾಕಿದ್ದು ಒಣಗಲಿಲ್ಲ. ಆ ಜುಲೈನಲ್ಲಿ ಬ್ರೆಜಿಲ್‌ನಲ್ಲಿ ಹಿಮ ಬಿದ್ದು ನಮ್ಮ ಅರೇಬಿಕಾಗೆ ರೇಟು ಏರಿತ್ತು, ಹಾಗಾಗಿ ಒಂದೊಂದು ಹಣ್ಣಿಗೂ ಬೆಲೆ. ಅಂಥ ಹೊತ್ತಲ್ಲಿ ತಂಡದ ಮೇಸ್ತ್ರಿ ಬಂದು ಕೆಜಿಗೆ ಒಂದು ರೂಪಾಯಿ ಜಾಸ್ತಿ ಕೇಳಿದ. ಆಗ 4 ರೂಪಾಯಿ ಇತ್ತು. "ಒಪ್ಪಿದ ದರ ಒಪ್ಪಿದ್ದೇ, ಇಷ್ಟವಿದ್ದರೆ ಇರು" ಅಂದೆ. ಕೊಡೆ ಹಿಡಿದು ನಿಂತೇ ಮಾತಾಡಿದೆ, ಅವನಿಗೆ ಕೂರು ಅಂತಲೂ ಹೇಳಲಿಲ್ಲ. ಮಾರನೇ ದಿನ ಬೆಳಿಗ್ಗೆ ಕೂಲಿಯವರು ಇರುವ ಲೈನ್ ಮನೆ ಖಾಲಿ. ಒಲೆಯಲ್ಲಿ ಬೂದಿ ಇನ್ನೂ ಬೆಚ್ಚಗಿತ್ತು. ಕೊಟ್ಟಿದ್ದ ಮುಂಗಡ 1 ಲಕ್ಷ 60 ಸಾವಿರದಷ್ಟು ಹೋಯಿತು. ನೆಲಕ್ಕೆ ಬಿದ್ದು ಕೊಳೆತ ಹಣ್ಣಿನ ಲೆಕ್ಕ ಹಾಕಿದರೆ ಸುಮಾರು 38 ಮೂಟೆ ಪಾರ್ಚ್‌ಮೆಂಟ್. ಆಗಿನ ರೇಟಿಗೆ 5 ಲಕ್ಷದ ಮೇಲೆ.

ಅದೇ ಕೊಯ್ಲಿನ ಕೊನೆಗೆ ಇನ್ನೊಂದು ತಪ್ಪು ಮಾಡಿದೆ. ಉಳಿದವರಿಗೆ ಅಂತ ವಾಟ್ಸಾಪ್ ಗುಂಪು ಮಾಡಿದ್ದೆ. ಒಂದು ರಾತ್ರಿ ಸಿಟ್ಟಿನಲ್ಲಿ "ನಾಳೆಯಿಂದ ತಡವಾಗಿ ಬಂದವರಿಗೆ ಅರ್ಧ ಹಾಜರಿ" ಅಂತ ವಾಯ್ಸ್ ಮೆಸೇಜ್ ಹಾಕಿದೆ. ಬೆಳಗಾಗುವಷ್ಟರಲ್ಲಿ ಅದು ಮೂರು ತೋಟದ ಲೈನ್ ಮನೆ ಸುತ್ತಿತ್ತು. ನಮ್ಮ ಸ್ಥಳೀಯ ಹೆಂಗಸರು ಆರು ಜನ ನಾಲ್ಕು ದಿನ ಬೇರೆ ಕಡೆ ಹೋದರು. ಅವರಲ್ಲಿ ಒಬ್ಬಳ ಮಗುವಿಗೆ ಜ್ವರ ಅಂತ ನನಗೆ ಆಮೇಲೆ ತಿಳಿಯಿತು. ಮಾತು ಆಡಿದರೆ ಹೋಯಿತು ಅನ್ನುತ್ತಾರಲ್ಲ, ಫೋನಿನಲ್ಲಿ ಆಡಿದ್ದು ಹೋಗುವುದೂ ಇಲ್ಲ. ಎಲ್ಲರ ಕೈಯಲ್ಲೂ ಉಳಿಯುತ್ತದೆ. ಅಂದಿನಿಂದ ಗುಂಪಿನಲ್ಲಿ ನಾಳೆ ಯಾವ ಬ್ಲಾಕ್, ಎಷ್ಟು ಗಂಟೆ, ಇಷ್ಟು ಬಿಟ್ಟು ಬೇರೇನೂ ಹಾಕುವುದಿಲ್ಲ.

ಈಗ 2022ರ ಕೊಯ್ಲು. ಇನ್ನೊಂದು ಅಸ್ಸಾಂ ತಂಡ, 30 ಜನ. ದರ 4.50. ಗಿಡ್ಡ ತಳಿಯಾದ ಚಂದ್ರಗಿರಿ ಬ್ಲಾಕಿನಲ್ಲಿ ಎರಡು ವಾರ ಚೆನ್ನಾಗಿ ನಡೆಯಿತು. ಹಳೆಯ ಎಸ್. 795 ತಳಿಯ ಬ್ಲಾಕಿಗೆ ಹೋದ ಕೂಡಲೇ ಶುರುವಾಯಿತು. ಗಿಡ ಎತ್ತರ, ಬಗ್ಗಿಸಿ ಕೊಯ್ಯಬೇಕು, ಕೈ ಓಡುವುದಿಲ್ಲ. ಮೇಸ್ತ್ರಿ 6 ರೂಪಾಯಿ ಬೇಕು ಅಂದ. ಸಾಹುಕಾರ್ರು ಫೋನಿನಲ್ಲಿ 5ರ ಮೇಲೆ ಒಂದು ಪೈಸೆ ಇಲ್ಲ ಅಂದರು. ಹಿಂದಿನ ವರ್ಷದ ಲೈನ್ ಮನೆ ಕಣ್ಣ ಮುಂದೆ ಬಂತು.

ಈ ಸಲ ನಾನು ದರದ ಮಾತೇ ಎತ್ತಲಿಲ್ಲ. ಎರಡು ದಿನ ಸುಮ್ನೆ ಕೇಳಿಸಿಕೊಂಡೆ. ತೂಕದ ಹೊತ್ತಿಗೆ ಹೋಗಿ ನಿಂತೆ, ಊಟದ ಹೊತ್ತಿಗೆ ಅವರ ಹತ್ತಿರ ಕೂತೆ. ನಿಜ ಬಾಯಿಬಿಟ್ಟದ್ದು ನಮ್ಮ ಸ್ಥಳೀಯರಲ್ಲಿ ಹಿರಿಯಳು, ಎಲ್ಲರೂ ದೊಡ್ಡಕ್ಕ ಅನ್ನುವವಳು. "ರೈಟ್ರೇ, ರೇಟಿನ ಮಾತಲ್ಲ ಇದು. ಮೂಟೆಗೆ ಎರಡು ಕೆಜಿ ವಜಾ ಹಿಡೀತೀರಲ್ಲ, ಅದು ಅವರ ಹೊಟ್ಟೆ ಉರಿಸ್ತಿರೋದು" ಅಂದಳು.

ಹೌದು, ಹಿಡಿಯುತ್ತಿದ್ದೆವು. ಗೋಣಿಚೀಲದ ತೂಕ, ಇಬ್ಬನಿಯ ನೀರು, ಎಲೆ ಕಸ ಅಂತ ಹಣ್ಣಿನ ಮೂಟೆಯ ತೂಕದಲ್ಲಿ ಕಳೆಯುವುದೇ ವಜಾ, ನಾನು ಬರುವ ಮುಂಚಿನಿಂದಲೂ ಎರಡು ಕೆಜಿ. ಯಾರೂ ಯಾಕೆ ಎರಡು ಅಂತ ಕೇಳಿರಲಿಲ್ಲ. ಒಬ್ಬ ಆಳು ದಿನಕ್ಕೆ 70 ಕೆಜಿ ಕೊಯ್ದರೆ ಎರಡು ಮೂಟೆ. ಅಲ್ಲಿಗೆ ನಾಲ್ಕು ಕೆಜಿ, 18 ರೂಪಾಯಿ ಅವನ ಕೈಯಿಂದ ಹೋಯಿತು. ಇನ್ನೊಂದು ಸಂಗತಿ, ತೂಕ ಸಂಜೆ ಒಂದೇ ಸಲ. ಬೆಳಿಗ್ಗೆ ಕೊಯ್ದ ಹಣ್ಣು ಬಿಸಿಲಿಗೆ ಬಾಡಿ ತೂಕ ಇಳಿಯುತ್ತಿತ್ತು. ಮೇಲಿನ ಬ್ಲಾಕಿನಿಂದ ಕಣದವರೆಗೆ ಹೊರುವ ಶ್ರಮ ಬೇರೆ.

ಮಾರನೇ ಸಂಜೆ ಕಣದಲ್ಲಿ ಎಲ್ಲರನ್ನೂ ಕೂರಿಸಿದೆ. ಮೇಸ್ತ್ರಿಗೆ ನನ್ನ ಪಕ್ಕದಲ್ಲೇ ಬೆಂಚು. ಒಣ ಗೋಣಿಚೀಲ ಹತ್ತು ತರಿಸಿ, ಕಟ್ಟು ಮಾಡಿ, ಅವನ ಕೈಯಿಂದಲೇ ತಕ್ಕಡಿಗೆ ಹಾಕಿಸಿದೆ. ಎಲೆಕ್ಟ್ರಾನಿಕ್ ತಕ್ಕಡಿಯ ಮುಖ ಯಾವಾಗಲೂ ನನ್ನ ಕಡೆಗೆ ಇರುತ್ತಿತ್ತು. ಅವತ್ತು ಅದನ್ನು ತಿರುಗಿಸಿ ಅವರ ಕಡೆ ಇಟ್ಟೆ. 7 ಕೆಜಿ ಚಿಲ್ಲರೆ ತೋರಿಸಿತು. ಆಮೇಲೆ ಅವತ್ತು ಬೆಳಿಗ್ಗೆ ಇಬ್ಬನಿಯಲ್ಲಿ ನೆನೆದ ಚೀಲ ಹತ್ತು. ಹತ್ತು ಕೆಜಿಗೆ ಸ್ವಲ್ಪ ಕಡಿಮೆ. ಹಿಂದಿನ ಸಾಲಿನಲ್ಲಿದ್ದವರೆಲ್ಲ ಎದ್ದು ಬಂದು ಬಗ್ಗಿ ಬಗ್ಗಿ ನೋಡಿದರು. ಒಬ್ಬ ಹುಡುಗ ಫೋನಿನಲ್ಲಿ ಭಾಗಿಸಿ ಮೇಸ್ತ್ರಿಗೆ ತೋರಿಸಿದ. ನಾನು ಬಾಯಿ ಬಿಡಲಿಲ್ಲ. ಮೇಸ್ತ್ರಿಯೇ ಒಂದು ಬೆರಳು ಎತ್ತಿ "ಒಂದು ಕೆಜಿ" ಅಂದ. ನಾನೂ ಅಷ್ಟೇ ಅಂದುಕೊಂಡಿದ್ದೆ. ಅವನ ಬಾಯಿಂದ ಬಂತು, ಅದು ಮುಖ್ಯ.

ವಜಾ ಒಂದು ಕೆಜಿ. ಮಧ್ಯಾಹ್ನ 12ಕ್ಕೆ ಒಂದು ತೂಕ, ಅದೂ ಬ್ಲಾಕಿನ ಅಂಚಿಗೆ ಪಿಕಪ್ ತಂದು ಅಲ್ಲೇ. ಸಂಜೆ ಇನ್ನೊಂದು. ಇಷ್ಟು ಮುಗಿದ ಮೇಲೆ ದರಕ್ಕೆ ಬಂದೆವು. 6 ಕೇಳಿದ್ದವನು 5.25ಕ್ಕೆ ಒಪ್ಪಿದ. ಕೊನೆಯ ಸ್ಟ್ರಿಪ್ಪಿಂಗ್ (ಗಿಡದಲ್ಲಿ ಉಳಿದದ್ದನ್ನೆಲ್ಲ ಕೊಯ್ಯುವುದು) ಮುಗಿಯುವವರೆಗೆ ಇದ್ದವರಿಗೆ ಆ 5.25ರಲ್ಲೇ ಕೆಜಿಗೆ 25 ಪೈಸೆ ಬೇರೆಯಾಗಿ ತೆಗೆದಿಟ್ಟು ಊರಿಗೆ ಹೋಗುವ ದಿನ ಕೊಡುವುದು ಅಂತಲೂ ಆಯಿತು. ಆ ವರ್ಷ ಸುತ್ತಮುತ್ತ 5.50 ನಡೆಯುತ್ತಿತ್ತು. ಎಲ್ಲವನ್ನೂ ಎರಡು ನೋಟ್‌ಬುಕ್ಕಿನಲ್ಲಿ ಬರೆದು ಒಂದು ಅವನಿಗೆ ಕೊಟ್ಟೆ. ದಿನದ ತೂಕವೂ ಎರಡರಲ್ಲೂ. ವಜಾ ಇಳಿಸಿದ್ದಕ್ಕೆ ತೋಟಕ್ಕೆ ಬಿದ್ದ ಖರ್ಚು ಇಡೀ ಕೊಯ್ಲಿಗೆ 18 ಸಾವಿರದ ಆಸುಪಾಸು, ಮೇಲೆ ಪಿಕಪ್ ಡೀಸೆಲ್. ಅವನು ಬಿಟ್ಟುಕೊಟ್ಟ 75 ಪೈಸೆಯ ಲೆಕ್ಕ ಒಂದು ಲಕ್ಷ. ನೀವೇ ನೋಡಿ.

ಆದರೆ 5ಕ್ಕೆ ನಿಂತಿದ್ದ ಸಾಹುಕಾರ್ರನ್ನು 5.25ಕ್ಕೆ ಒಪ್ಪಿಸಬೇಕಿತ್ತಲ್ಲ. ಅದು ಇನ್ನೂ ಕಷ್ಟ. ನಾವು ರೈಟರುಗಳು ಮಾಡುವ ತಪ್ಪು ಏನೆಂದರೆ ಸಾಹುಕಾರ್ರ ಹತ್ತಿರ ಕೂಲಿಯವರ ಲೆಕ್ಕದಲ್ಲಿ ಮಾತಾಡುತ್ತೇವೆ. ಕೆಜಿಗೆ ಇಷ್ಟು ಅಂದರೆ ಅವರಿಗೆ ಕೇಳಿಸುವುದು 4.50 ಹೋಗಿ 5.25 ಆಯಿತು ಅಂತ ಮಾತ್ರ. ಅವರು ಯೋಚಿಸುವುದು ಮೂಟೆಯಲ್ಲಿ. 5 ಕೆಜಿ ಹಣ್ಣಿಗೆ ಒಂದು ಕೆಜಿ ಪಾರ್ಚ್‌ಮೆಂಟ್ ಹಿಡಿಯಿರಿ. 50 ಕೆಜಿ ಮೂಟೆಗೆ 250 ಕೆಜಿ ಹಣ್ಣು. 75 ಪೈಸೆ ಏರಿದರೆ ಮೂಟೆಗೆ 190 ರೂಪಾಯಿ. ಆಗ ಮೂಟೆ 14-15 ಸಾವಿರ. ಒಂದು ಹಾಳೆಯಲ್ಲಿ ಮೇಲೆ "ಮೂಟೆಗೆ 190" ಅಂತ ಬರೆದೆ. ಕೆಳಗೆ "ಹೋದ ವರ್ಷ ನೆಲಕ್ಕೆ ಬಿದ್ದದ್ದು 38 ಮೂಟೆ". ಬೇರೆ ಒಂದಕ್ಷರ ಇಲ್ಲ.  

ಫೋನಿನಲ್ಲಿ ಕೇಳಲಿಲ್ಲ. ಅವರ ಬಾಮೈದ ಇದ್ದಾಗಲೂ ಕೇಳಲಿಲ್ಲ, ನಾಲ್ಕು ಜನರ ಮುಂದೆ ಇಲ್ಲ ಅಂದವರು ಆಮೇಲೆ ಹೂಂ ಅನ್ನುವುದು ಕಷ್ಟ. ಬೆಳಿಗ್ಗೆ ತೋಟ ಸುತ್ತಿ ಬಂದು ಜಗಲಿಯಲ್ಲಿ ಕಾಫಿ ಕುಡಿಯುವ ಹೊತ್ತಿಗೆ ಹೋದೆ. ಹಾಳೆ ಕೊಟ್ಟೆ. ಸುಮ್ಮನೆ ಕೂತೆ. ಮುಂಚೆ ಇಲ್ಲೇ ನಾನು ಸೋಲುತ್ತಿದ್ದೆ. ಅವರು ಒಂದು ನಿಮಿಷ ಮಾತಾಡದಿದ್ದರೆ ನನಗೇ ತಡೆಯುತ್ತಿರಲಿಲ್ಲ. "ಇಲ್ಲಾಂದ್ರೆ ಐದೇ ಆಗಲಿ ಬಿಡಿ" ಅಂತ ನಾನೇ ಇಳಿಸಿಬಿಡುತ್ತಿದ್ದೆ. ಈಗ ಒಂದು ಅಭ್ಯಾಸ ಮಾಡಿಕೊಂಡಿದ್ದೇನೆ. ಕೇಳಿದ ಮೇಲೆ ಲೋಟದ ಕಾಫಿ ಪೂರ್ತಿ ಮುಗಿಯುವವರೆಗೆ ಮಾತಿಲ್ಲ. ಅವತ್ತು ಕಾಫಿ ಆರಿ ತಣ್ಣಗಾಯಿತು. ಅವರು ಎರಡು ಸಲ ಹಾಳೆ ತಿರುವಿದರು. ಕೊನೆಗೆ "ಇಷ್ಟಕ್ಕೆ ಜನ ನಿಲ್ತಾರಾ?" ಅಂದರು. "ನಿಲ್ತಾರೆ, ಜವಾಬ್ದಾರಿ ನಂದು" ಅಂದೆ. ಆಯಿತು ಅಂದರು. ಜನವರಿ 20ರೊಳಗೆ ಅರೇಬಿಕಾ ಮುಗಿಯಿತು, 30ರಲ್ಲಿ 29 ಜನ ಕೊನೆಯವರೆಗೆ ಇದ್ದರು. ಒಬ್ಬ ತಾಯಿಗೆ ಹುಷಾರಿಲ್ಲ ಅಂತ ಹೋದ.

"ವಜಾ ಬಿಟ್ಟರೆ ನಾಳೆ ತಲೆ ಮೇಲೆ ಕೂರ್ತಾರೆ" ಅಂತ ಆಗ ಎಚ್ಚರಿಸಿದವರು ಇದ್ದರು. ಈಗ ಅವರ ತೋಟದಲ್ಲೂ ತಕ್ಕಡಿಯ ಮುಖ ತಿರುಗಿದೆ. ನನಗೆ ಖುಷಿಯೇ. ಆದರೆ ತಿರುಗಿಸುವ ಮುಂಚೆ ತೂಕ-ಅಳತೆ ಇಲಾಖೆಯ ಮುದ್ರೆ ಹೊಸದಾಗಿದೆಯಾ ನೋಡಿಕೊಳ್ಳಿ.

ನಡುವೆ ಬೇರೆ ಪ್ರಯೋಗಗಳನ್ನೂ ಮಾಡಿದೆ. ಹಸಿರು ಕಾಯಿ ಕೊಯ್ಯಬೇಡಿ ಅಂತ ಕೂಗಿ ಕೂಗಿ ಗಂಟಲು ಹೋಗಿತ್ತು. ಒಂದು ದಿನ ಮೂರು ಮೊರದಲ್ಲಿ ಹಣ್ಣು, ದೋರೆಗಾಯಿ, ಕಾಯಿ ಬೇರೆ ಬೇರೆ ಹಾಕಿ ತೂಕದ ಜಾಗದಲ್ಲೇ ಇಟ್ಟೆ. ಮೂರನೆಯದನ್ನು ತೋರಿಸಿ ತಲೆ ಅಲ್ಲಾಡಿಸಿದರೆ ಸಾಕು, ಭಾಷೆ ಬೇಡ. ನೂರಕ್ಕೆ ಹತ್ತು ಬರುತ್ತಿದ್ದ ಹಸಿರು ಮೂರು-ನಾಲ್ಕಕ್ಕೆ ಇಳಿಯಿತು. ಇನ್ನೊಂದು ಪ್ರಯೋಗ ಕೆಟ್ಟಿತು. ವಾರಕ್ಕೆ ಅತಿ ಹೆಚ್ಚು ಕೊಯ್ದವರಿಗೆ ಕುಕ್ಕರ್ ಬಹುಮಾನ ಅಂದೆ. ಗೆಲ್ಲುವ ಆತುರಕ್ಕೆ ರೆಂಬೆ ಸಿಗಿದರು, ಎಲೆ ಸಮೇತ ಎಳೆದರು. ಗಂಡ ಹೆಂಡತಿ ಒಂದೇ ಮೂಟೆಗೆ ಹಾಕುತ್ತಿದ್ದಾರೆ ಅಂತ ತಕರಾರು ಎದ್ದಿತು. ಎರಡು ಕುಕ್ಕರಿಗೆ 3,000 ಖರ್ಚು ಮಾಡಿ ನಿಲ್ಲಿಸಿದೆ. ಫ್ಲೈ ಪಿಕ್ಕಿಂಗ್, ಅಂದರೆ ಮೊದಲು ಹಣ್ಣಾದದ್ದನ್ನು ಮಾತ್ರ ಆರಿಸಿ ಕೊಯ್ಯುವ ಕೆಲಸ ಮಾತ್ರ ದಿನಗೂಲಿಗೆ ಹಾಕಿ, ಕೆಜಿ ಲೆಕ್ಕ ಬೇಡ. ಹಣ್ಣು ಅಲ್ಲೊಂದು ಇಲ್ಲೊಂದು ಇರುವಾಗ ಕೆಜಿ ಲೆಕ್ಕ ಹಿಡಿದರೆ ಕಾಯಿಯೂ ಮೂಟೆಗೆ ಬರುತ್ತದೆ, ಜಗಳವೂ ಬರುತ್ತದೆ.

ಅಸ್ಸಾಮಿ ಮಾತು ನಾಲ್ಕೈದು ಕಲಿತೆ. "ಕಿಮಾನ್" ಅಂದರೆ ಎಷ್ಟು. "ಭಾತ್ ಖಾಲಾನೆ" ಅಂದರೆ ಊಟ ಆಯ್ತಾ. ನಮ್ಮ ಹಾಗೇ ಅವರೂ ಅದನ್ನೇ ಮೊದಲು ಕೇಳುವುದು. ಬೆಳಿಗ್ಗೆ ಅದೊಂದು ಕೇಳಿ ಕೆಲಸ ಹೇಳಿದರೆ ಮುಖವೇ ಬೇರೆ ಇರುತ್ತದೆ.

ಹೋದ ಕೊಯ್ಲು ಹೊಸ ಪರೀಕ್ಷೆ. 2025ರ ಶುರುವಿನಲ್ಲಿ ಅರೇಬಿಕಾ ಪಾರ್ಚ್‌ಮೆಂಟ್ ಮೂಟೆ 25 ಸಾವಿರ ದಾಟಿತು, ರೋಬಸ್ಟಾ ಚೆರ್ರಿಯೂ (ಸಿಪ್ಪೆ ಸಮೇತ ಒಣಗಿಸಿದ ಹಣ್ಣು) 10 ಸಾವಿರದ ಮೇಲೆ. ಕೊಯ್ಯುವವರ ಫೋನಿನಲ್ಲೂ ಆ ರೇಟು ಇತ್ತು. ಮಾರ್ಕೆಟ್ ಬಿದ್ದಿದೆ ಅಂತ ಸುಳ್ಳು ಹೇಳುವ ಕಾಲ ಮುಗಿಯಿತು. ನಾನೇ ಮೊದಲು ಮೇಸ್ತ್ರಿಗೆ ರೇಟು ಹೇಳಿದೆ. ಗೊಬ್ಬರ, ಸ್ಪ್ರೇ, ನೆರಳಿನ ಮರದ ಕೊಂಬೆ ಕಡಿಸಿದ ಖರ್ಚನ್ನೂ ಹೇಳಿದೆ. ಅವನು 7 ಕೇಳಿದ. ಮುಗಿದದ್ದು 6.50ಕ್ಕೆ. ಸಾಹುಕಾರ್ರ ಜಗಲಿಯಲ್ಲಿ ಈ ಸಲ ಕಾಫಿ ಆರಲೇ ಇಲ್ಲ, ಅರ್ಧ ಲೋಟಕ್ಕೆ ಹೂಂ ಅಂದರು.

ನನ್ನ ಸಂಬಳವನ್ನೂ ಇದೇ ದಾರಿಯಲ್ಲಿ ಕೇಳಿದೆ. ಮುಂಚೆ ಒಂದು ದೀಪಾವಳಿಗೆ "ಪಕ್ಕದ ತೋಟದ ರೈಟರಿಗೆ ಇಷ್ಟು ಕೊಡ್ತಾರೆ" ಅಂತ ಕೇಳಿ "ಹಾಗಾದ್ರೆ ಅಲ್ಲಿಗೇ ಹೋಗು" ಅನ್ನಿಸಿಕೊಂಡಿದ್ದೆ. 2023ರ ಏಪ್ರಿಲ್‌ನಲ್ಲಿ, ಕಾಫಿ ಮಾರಿ ದುಡ್ಡು ಬಂದ ವಾರ, ಹಿಂದಿನ ವರ್ಷ ನೆಲಕ್ಕೆ ಬಿದ್ದದ್ದು, ಈ ವರ್ಷ ಬಿದ್ದದ್ದು ಎರಡನ್ನೂ ಒಂದು ಹಾಳೆಯಲ್ಲಿ ಬರೆದು ಕೊಟ್ಟೆ. 18 ಸಾವಿರ ಇದ್ದದ್ದು 23 ಆಯಿತು.

ಈ ಸಲ ಸೆಪ್ಟೆಂಬರಿನಲ್ಲೇ ಮೇಸ್ತ್ರಿ ತಾನಾಗಿ ಫೋನ್ ಮಾಡಿದ. ಮುಂಗಡದ ಮಾತು ಎತ್ತಲಿಲ್ಲ. ವಜಾ ಎಷ್ಟು ಅಂತ ಕೇಳಿದ. ಒಂದೇ ಕೆಜಿ ಅಂದೆ. 34 ಜನ ಬರುತ್ತಾರಂತೆ. ಲೈನ್ ಮನೆಯಲ್ಲಿ ಎರಡು ಕೋಣೆ ಸೋರುತ್ತಿವೆ, ಅವರು ಬರುವಷ್ಟರಲ್ಲಿ ಶೀಟು ಬದಲಾಯಿಸಬೇಕು. ಅದಕ್ಕೆ ಹಾಳೆ ಬರೆದಿಟ್ಟಿದ್ದೇನೆ, ನಾಳೆ ಬೆಳಿಗ್ಗೆ ಜಗಲಿಗೆ ಹೋಗುತ್ತೇನೆ.